ಮುದ್ದಪ್ಪನ ಸಂಸಾರ ತೊಟ್ಟಿಲೇರಿದ್ದು

"ಅಪ್ಪಾ, ತುಮಕೂರು ಹೆಂಗೈತೆ?"

ಮಗಳು ರಾಮಾಂಜಿ ಹೀಗೆ ಕೇಳಿದಾಗ ಮುದ್ದಪ್ಪ ಜಗಲಿಯ ಮೇಲೆ ಕೂತು ಕಾಫಿ ಆರಿಸಿಕೊಳ್ಳುತ್ತಿದ್ದ. ಅದೇನೂ ಕೇಳಬಾರದ ಪ್ರಶ್ನೆಯಲ್ಲ. ಆದರೆ ಮುದ್ದಪ್ಪನನ್ನು, ಅದೂ ಬೀದಿಯವರೆಲ್ಲ ಗಾಳಿಗೆ ಕೂತಿದ್ದ ಸಂಜೆಯಲ್ಲಿ, ಕೇಳಬಾರದಾಗಿತ್ತು.

ಮುದ್ದಪ್ಪ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸುಗಳ ಏಜೆಂಟು. ಬೆಳಗಿನಿಂದ ಸಂಜೆಯವರೆಗೆ "ಕೊರಟಗೆರೆ ತುಮಕೂರ್, ತುಮಕೂರ್ ತುಮಕೂರ್!" ಎಂದು ಕೂಗಿ ಜನರನ್ನು ಬಸ್ಸಿಗೆ ತುಂಬುವುದು ಅವನ ಕೆಲಸ. ತುಂಬುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹುರುಳಿ ತುಂಬಿದ ಚೀಲವನ್ನು ಎತ್ತಿ ಕುಕ್ಕಿ ಇನ್ನೊಂದು ಸೇರು ಹಿಡಿಸುವ ಹಾಗೆ, ಬಾಗಿಲಲ್ಲಿ ಜೋತುಬಿದ್ದವರನ್ನೂ ಒಳಗೆ ತಳ್ಳಿ ಮತ್ತೆ ನಾಲ್ಕು ಜನರಿಗೆ ಜಾಗ ಮಾಡುತ್ತಿದ್ದ. ಆದರೆ ಅವನೇ ತುಮಕೂರಿಗೆ ಹೋದದ್ದು ಮದುವೆಗೆ ಮುಂಚೆ ಒಂದೇ ಸಲ, ಹಲ್ಲು ಕೀಳಿಸಿಕೊಳ್ಳಲು. ಬಾಯಿಗೆ ಹತ್ತಿ ತುರುಕಿಕೊಂಡು, ಕಣ್ಣು ಮುಚ್ಚಿಕೊಂಡು ವಾಪಸಾದವನಿಗೆ ಆ ಊರಿನ ಬಗ್ಗೆ ನೆನಪಿದ್ದದ್ದು ನೋವು ಮಾತ್ರ.

"ದೊಡ್ಡದಾಗೈತೆ ಕಣಮ್ಮ," ಅಂದ.

"ಅಲ್ಲಿ ಎಕ್ಸಿಬಿಷನ್ ಬಂದೈತಂತೆ. ಜಯಂಟ್ ವೀಲು ಐತಂತೆ. ತೊಟ್ಟಿಲಲ್ಲಿ ಕೂತ್ರೆ ಮೋಡ ಕೈಗೆ ಸಿಗ್ತದಂತೆ. ನಮ್ ಕ್ಲಾಸಲ್ಲಿ ಎಲ್ಲಾರೂ ಹೋಗ್ಬಂದ್ರು. ನಾನೊಬ್ಳೇ ಹೋಗಿಲ್ಲ."

ಪಕ್ಕದ ಜಗಲಿಯಲ್ಲಿ ಕೂತಿದ್ದ ನಂದೀಶ್ವರಯ್ಯ ಗಟ್ಟಿಯಾಗಿ ನಕ್ಕರು. ಅವರು ರಿಟೈರಾದ ಮೇಷ್ಟ್ರು. ಪಾಠ ಹೇಳುವುದನ್ನು ಸರ್ಕಾರ ನಿಲ್ಲಿಸಿದರೂ ಅವರು ನಿಲ್ಲಿಸಿರಲಿಲ್ಲ. "ನೋಡಮ್ಮ, ನಿಮ್ಮಪ್ಪ ಸೀಮೆಯವರಿಗೆಲ್ಲ ತುಮಕೂರು ತೋರಿಸಿದ ಪುಣ್ಯಾತ್ಮ. ಮನೆಯವರಿಗೆ ಬಸ್ಸಿನ ಮೆಟ್ಟಲನ್ನೂ ತೋರಿಸಿಲ್ಲ!"

ಬೀದಿಗೆ ಬೀದಿಯೇ ನಕ್ಕಿತು. ಮುದ್ದಪ್ಪ ಕಾಫಿ ಲೋಟವನ್ನು ಜಗಲಿಗೆ ಕುಕ್ಕಿ ಎದ್ದು ನಿಂತ.

"ಬರೋ ಭಾನುವಾರ ನನ್ನ ಮನೆಮಂದೀನೆಲ್ಲ ಆ ತೊಟ್ಟಿಲಲ್ಲಿ ಕೂರಿಸ್ದೆ ಇದ್ರೆ ನಾನು ಮುದ್ದಪ್ಪನೇ ಅಲ್ಲ! ಮಳೆ ಬರ್ಲಿ, ಗಾಳಿ ಬರ್ಲಿ, ಮಧ್ಯದಿಂದ ವಾಪಸ್ ಬರೋ ಮಾತೇ ಇಲ್ಲ!"

"ಮನೆಮಂದಿ ಅಂದ್ರೆ ಯಾರ್ಯಾರು?" ಎಂದು ಒಳಗಿನಿಂದ ಹೆಂಡತಿ ಗಿರಿಯಮ್ಮ ಕೇಳಿದಳು.

ಅಲ್ಲಿಂದ ಎರಡನೇ ತೊಂದರೆ ಶುರುವಾಯಿತು. ಅವನ ಸ್ವಂತ ಮಕ್ಕಳೇ ಮನೆ ತುಂಬ ಇದ್ದರು. ತಾಯಿ ಸಣ್ಣಕ್ಕ ಆಗಲೇ ಎಲೆ ಅಡಿಕೆ ಚೀಲ ಹುಡುಕತೊಡಗಿದ್ದಳು. ಸುದ್ದಿ ಬಸ್ಸು ಹತ್ತಿ ಐ.ಡಿ.ಹಳ್ಳಿ ಮುಟ್ಟಿ, ಶನಿವಾರ ಸಂಜೆ ಅಲ್ಲಿಂದ ತಂಗಿ ನಾಗಕ್ಕ ಒಂದು ಕಂಕುಳಲ್ಲಿ, ಎರಡು ಕೈಯಲ್ಲಿ, ಉಳಿದವು ಹಿಂದೆ, ಹೀಗೆ ಮಕ್ಕಳ ಸಮೇತ ಬಂದಿಳಿದಳು. "ಅಣ್ಣಯ್ಯ ಕರೀದಿದ್ರೇನು, ನನ್ನ ಮಕ್ಕಳು ಅವನ ಮಕ್ಕಳಲ್ವಾ?" ಅಂದಳು. ಭಾನುವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಎದುರು ಮನೆಯ ಜೈನಾಬಿ ಇಬ್ಬರು ಮೊಮ್ಮಕ್ಕಳಿಗೆ ತಲೆ ಬಾಚಿ, ಕಣ್ಣಿಗೆ ಸುರ್ಮಾ ಹಚ್ಚಿ ತಂದು ನಿಲ್ಲಿಸಿದಳು.

"ಮುದ್ದಣ್ಣ, ಈ ಬಚ್ಚಾಗಳು ನಿನ್ನೆಯಿಂದ ಅಳ್ತಾ ಅವೆ. ಅಷ್ಟು ಮಕ್ಕಳ ಜೊತೆ ಇವೂ ಇರ್ಲಿ. ಗೊತ್ತೂ ಆಗಲ್ಲ ನಿಮಗೆ."

ಇಲ್ಲ ಅನ್ನಲು ಮುದ್ದಪ್ಪನಿಗೆ ಬಾಯಿ ಬರಲಿಲ್ಲ. ಬೀದಿಯ ತುದಿಯಲ್ಲಿ ನಂದೀಶ್ವರಯ್ಯ ಕೈಯಲ್ಲಿ ಒಂದು ನೂಲಿನ ಹಗ್ಗ ಹಿಡಿದು ನಿಂತಿದ್ದರು.

"ತುಮಕೂರು ಜನಜಂಗುಳಿ. ಮಕ್ಕಳು ಕೈತಪ್ಪಿದರೆ ಸಿಗುವುದಿಲ್ಲ. ಎಲ್ಲರ ಸೊಂಟಕ್ಕೂ ಒಂದೇ ಹಗ್ಗ ಕಟ್ಟು. ನಾನು ಸ್ಕೂಲ್ ಮಕ್ಕಳನ್ನು ಟೂರಿಗೆ ಹಾಗೇ ಕರ್ಕೊಂಡು ಹೋಗ್ತಿದ್ದೆ. ಒಂದು ಮಗು ಕಳೆದದ್ದಿಲ್ಲ."

ಅವರೇ ಮುಂದೆ ನಿಂತು ಗಂಟು ಹಾಕಿದರು. ಮೇಷ್ಟ್ರ ಗಂಟು, ಬಿಚ್ಚುವ ಮಾತಿರಲಿಲ್ಲ. ಮುಂದೆ ರಾಮಾಂಜಿ, ಕೊನೆಯಲ್ಲಿ ಮುದ್ದಪ್ಪನ ಕಿರಿಮಗ ಕ್ಯಾತ, ನಡುವೆ ಉಳಿದವರು. ಮೆಣಸಿನಕಾಯಿ ತೋರಣದ ಹಾಗೆ ಮಕ್ಕಳ ಸಾಲು ಬಸ್‌ಸ್ಟ್ಯಾಂಡಿನತ್ತ ಹೊರಟಿತು.

ಬಸ್‌ಸ್ಟ್ಯಾಂಡಿನಲ್ಲಿ ತುಮಕೂರಿನ ಬಸ್ಸು ಆಗಲೇ ತುಂಬಿ ತುಳುಕುತ್ತಿತ್ತು. ಕೊಡಿಗೇನಹಳ್ಳಿ ಕಡೆಯಿಂದ ಬಂದ ಒಂದು ಬೀಗರ ಗುಂಪು ಅದರಲ್ಲಿ ಹತ್ತಿಬಿಟ್ಟಿತ್ತು. ಕಂಡಕ್ಟರ್ ದಾಸಣ್ಣ ಮುದ್ದಪ್ಪನ ಹಳೆಯ ಸ್ನೇಹಿತ. ಮುದ್ದಪ್ಪ ತುಂಬಿಸಿದ ಜನರ ಬೈಗುಳವನ್ನೆಲ್ಲ ದಾರಿಯುದ್ದಕ್ಕೂ ತಿನ್ನುವವನು ಅವನೇ. ಇಂದು ಮುದ್ದಪ್ಪನನ್ನು ಕಂಡದ್ದೇ ಅವನ ಮುಖ ಅರಳಿತು.

"ಬಾ ಮುದ್ದಣ್ಣ ಬಾ! ಖಾಲಿ ಬಸ್ಸು, ಖಾಲಿ ಬಸ್ಸು! ಹಿಂದೆ ಪೂರಾ ಸೀಟು!"

"ಲೇ ದಾಸ, ನನ್ ಹತ್ರಾನೇ ಹೇಳ್ತೀಯೇನ್ಲಾ? ಮುಂದಿನ ಬಸ್ಸಿಗೆ ಬತ್ತೀವಿ ಬುಡು."

"ಮುಂದಿನ ಬಸ್ಸು ಆಕ್ಸಲ್ ಮುರ್ಕೊಂಡು ಶೆಡ್ಡಲ್ಲಿ ಮಲಗೈತೆ. ಇದು ಬಿಟ್ರೆ ಮಧ್ಯಾಹ್ನಾನೇ."

ಗಿರಿಯಮ್ಮ ಗಂಡನ ಮುಖ ನೋಡಿದಳು. "ಇನ್ನೊಂದು ವಾರ ಹೋದ್ರಾಯ್ತು ಕಣ್ರೀ," ಅಂದಳು.

"ಆಗಾಕಿಲ್ಲ. ಹತ್ತು!"

ದಾಸಣ್ಣ ಅವನನ್ನು ಬೆನ್ನಿಗೆ ಮೊಣಕಾಲು ಕೊಟ್ಟು ಒಳಗೆ ತಳ್ಳಿದ. ಮುದ್ದಪ್ಪ ಸಾವಿರಾರು ಜನರಿಗೆ ಕೊಟ್ಟ ಮೊಣಕಾಲದು. ಅದರ ರುಚಿ ಅವನಿಗೆ ಅಂದೇ ಗೊತ್ತಾಯಿತು. ಒಳಗೆ ಹೋದರೆ ತಲೆಯ ಮೇಲೊಂದು ಕಡ್ಲೇಕಾಯಿ ಚೀಲ, ಕಂಕುಳಲ್ಲಿ ಯಾರದೋ ಕೋಳಿ, ಕಾಲಿನ ಕೆಳಗೆ ಯಾರದೋ ಕಾಲು. ಆ ಕಾಲಿನ ಒಡತಿ ಭೀಮಕ್ಕ ಎಂಬ ಮುದುಕಿ ಮುದ್ದಪ್ಪನ ಮುಖವನ್ನು ದಿಟ್ಟಿಸಿ ನೋಡಿ ಕೂಗಿದಳು.

"ಇವನೇ ಕಣ್ರಪ್ಪೋ! ಕಿಟಕಿ ಪಕ್ಕ ಸೀಟು ಇಟ್ಟಿವ್ನಿ ಅಂತ ಹತ್ತಿಸಿ, ನನ್ನ ತುಮಕೂರ್‌ಗಂಟ ನಿಲ್ಲಿಸ್ದೋನು ಇವನೇಯ!"

ಬಸ್ಸಿನ ತುಂಬ ಅವನ ಗಿರಾಕಿಗಳೇ. ಒಬ್ಬನಿಗೆ ಎಕ್ಸ್‌ಪ್ರೆಸ್ ಎಂದು ಹೇಳಿ ಹತ್ತಿಸಿದ್ದ ಬಸ್ಸು ಹುಣಿಸೇಮರ ಕಂಡಲ್ಲೆಲ್ಲ ನಿಂತಿತ್ತು. ಇನ್ನೊಬ್ಬನನ್ನು ಈಗಲೇ ಹೊರಡುತ್ತದೆ ಎಂದು ಕೂರಿಸಿದ್ದ ಬಸ್ಸು ಅವನ ತಂಗಿಯ ಮುಹೂರ್ತ ಮುಗಿದ ಮೇಲೆ ಹೊರಟಿತ್ತು. ಎಲ್ಲರೂ ಒಟ್ಟಿಗೆ ಲೆಕ್ಕ ತೀರಿಸತೊಡಗಿದರು. ಮುದ್ದಪ್ಪ ಕೋಳಿಯ ರೆಕ್ಕೆಯಲ್ಲಿ ಮುಖ ಮರೆಸಿಕೊಂಡು ನಿಂತ.

ಕೊರಟಗೆರೆ ಇನ್ನೂ ಬಂದಿರಲಿಲ್ಲ, ಹಿಂದಿನ ಸೀಟಿನ ಕಡೆಯಿಂದ ಕ್ಯಾತನ ದನಿ ಕೇಳಿಸಿತು.

"ಅವ್ವಾ, ಉಚ್ಚೆ."

ಬಸ್ಸು ನಿಂತಿತು. ಕ್ಯಾತ ಇಳಿಯಬೇಕಾದರೆ ಅವನ ಜೊತೆ ಹಗ್ಗದಲ್ಲಿದ್ದ ಮಕ್ಕಳೆಲ್ಲ ಇಳಿಯಬೇಕು. ಹಗ್ಗವೋ ಬೀಗರ ಕಾಲು, ಕೋಳಿ, ಕಡ್ಲೇಕಾಯಿ ಚೀಲ ಎಲ್ಲವನ್ನೂ ಸುತ್ತಿಕೊಂಡಿತ್ತು. ಒಂದು ಕಡೆ ಎಳೆದರೆ ಬೀಗರ ಹಿರಿಯರೊಬ್ಬರ ಪಂಚೆ ಹಗ್ಗದ ಜೊತೆ ಹೊರಡಲು ಸಿದ್ಧವಾಯಿತು. ಕಡೆಗೆ ಅರ್ಧ ಬಸ್ಸೇ ಕೆಳಗಿಳಿದು, ಕ್ಯಾತ ಬೇಲಿ ಪಕ್ಕ ಕೂತು, ಎದ್ದು, "ಬರ್ಲಿಲ್ಲ," ಅಂದ. ಎಲ್ಲರೂ ಮತ್ತೆ ಹತ್ತಿದರು. ಬಸ್ಸು ಹೊರಟ ತಕ್ಷಣ ಅವನಿಗೆ ಬಂತು. ಅದು ಭೀಮಕ್ಕನ ಸೀರೆಯ ಮೇಲೆಯೇ ಬಂದದ್ದರಿಂದ ಬಸ್ಸನ್ನು ಮತ್ತೆ ನಿಲ್ಲಿಸುವ ಅಗತ್ಯ ಬೀಳಲಿಲ್ಲ.

ಕೊರಟಗೆರೆ ದಾಟಿ ಸ್ವಲ್ಪ ದೂರ ಹೋಗಿದ್ದರು. ಪಟಾರ್ ಎಂದು ಸದ್ದಾಯಿತು. ಬಸ್ಸು ಕುಂಟೆತ್ತಿನ ಹಾಗೆ ಒಂದು ಪಕ್ಕಕ್ಕೆ ವಾಲಿ ಹೊಂಗೇಮರದ ಕೆಳಗೆ ನಿಂತಿತು. ಸ್ಟೆಪ್ನಿ ಎಲ್ಲಿ ಎಂದರೆ, ಒಡೆದದ್ದೇ ಸ್ಟೆಪ್ನಿ ಎಂದ ದಾಸಣ್ಣ.

ಬಿಸಿಲು ನೆತ್ತಿಗೇರಿತು. ಗಿರಿಯಮ್ಮ ಕಟ್ಟಿ ತಂದಿದ್ದ ಚಿತ್ರಾನ್ನ ಮರದ ಕೆಳಗೇ ಮುಗಿಯಿತು. ಆ ಹೊತ್ತಿಗೆ ತುಮಕೂರಿನ ಕಡೆಯಿಂದ ಮಧುಗಿರಿಗೆ ಹೋಗುವ ಬಸ್ಸೊಂದು ಬಂದು ನಿಂತಿತು. ಒಳಗೆ ಇಣುಕಿದರೆ ನಿಜವಾಗಿಯೂ ಖಾಲಿ. ಇಂಥದೊಂದು ಬಸ್ಸನ್ನು ಮುದ್ದಪ್ಪ ದಿನವೂ ಬಾಯಲ್ಲಿ ಹೇಳುತ್ತಿದ್ದ, ಕಣ್ಣಲ್ಲಿ ಕಂಡಿರಲಿಲ್ಲ.

"ಮುದ್ದಣ್ಣ, ಇದರಲ್ಲಿ ಊರಿಗೆ ಹೋಗ್ಬುಡು. ಹೆಂಗಸ್ರು ಮಕ್ಳು ಒಣಗಿ ಹಪ್ಪಳ ಆಗವ್ರೆ," ಎಂದ ದಾಸಣ್ಣ. ಈ ಸಲ ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ.

"ಇಲ್ಲ. ಹೊರಟ್ ಮೇಲೆ ಹೊರಟ್ವಿ."

"ಅಣ್ಣಯ್ಯ, ಹಠ ಮಾಡ್ಬೇಡ," ಎಂದಳು ನಾಗಕ್ಕ.

"ಹಠ ಅಲ್ಲ ಕಣಮ್ಮಿ. ಆ ಮಗು ಕ್ಲಾಸಲ್ಲಿ ಒಬ್ಳೇ ಉಳ್ಕೊಂಡವ್ಳೆ. ನಾನು ದಿನಾ ಊರೋರ್ನೆಲ್ಲ ಕಳಿಸ್ತೀನಿ. ಇವತ್ತು ನನ್ನ ಮಕ್ಳು ಹೋಗ್ಲೇಬೇಕು."

ಆಗ ಗಿರಿಯಮ್ಮ ಸುತ್ತ ನೋಡಿ, "ಅತ್ತೆ ಎಲ್ಲಿ?" ಎಂದಳು.

ಸಣ್ಣಕ್ಕ ಆ ಖಾಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಅವ್ವ, ಇಳಿ! ಇದು ಊರಿಗೆ ಹೋಗೋ ಬಸ್ಸು!"

"ಎಲ್ಲಿಗಾರ ಹೋಗ್ಲಿ ಕಣ್ಲಾ ಮುದ್ದ. ಇಂಗೆ ಕಾಲು ಚಾಚ್ಕೊಂಡು ಕೂರೋ ಬಸ್ಸು ನನ್ನ ಜನ್ಮದಲ್ಲಿ ಕಂಡಿಲ್ಲ. ಇಳಿಯಾಕಿಲ್ಲ."

ಅವಳನ್ನು ಇಳಿಸಲು ಮುದ್ದಪ್ಪ ಜಯಂಟ್ ವೀಲಿನಲ್ಲಿ ಇದಕ್ಕಿಂತ ದೊಡ್ಡ ಸೀಟು, ಅದೂ ಒರಗಿಕೊಳ್ಳುವ ಸೀಟು ಇದೆ ಎಂದು ತಾಯಿಯ ತಲೆ ಮುಟ್ಟಿ ಹೇಳಬೇಕಾಯಿತು.

ಆಮೇಲೆ ಇಟ್ಟಿಗೆ ತುಂಬಿದ ಒಂದು ಟ್ರ್ಯಾಕ್ಟರ್ ಬಂತು. ಮುದ್ದಪ್ಪ ರಸ್ತೆಗೆ ಅಡ್ಡ ನಿಂತು ಕೈ ಚಾಚಿದ. ಇಟ್ಟಿಗೆಯ ಮೇಲೆ ಸಂಸಾರ ಏರಿತು. ಟ್ರ್ಯಾಕ್ಟರು ನಡೆಯುವವರಿಗಿಂತ ಸ್ವಲ್ಪ ಬೇಗ, ಸೈಕಲ್ಲಿಗಿಂತ ಸ್ವಲ್ಪ ನಿಧಾನ ಹೋಗುತ್ತಿತ್ತು. ತುಮಕೂರು ಮುಟ್ಟುವ ಹೊತ್ತಿಗೆ ಎಲ್ಲರೂ ಕುಂಕುಮದ ಭರಣಿಯಲ್ಲಿ ಬಿದ್ದೆದ್ದವರಂತೆ ನೆತ್ತಿಯಿಂದ ಪಾದದವರೆಗೆ ಕೆಂಪಾಗಿದ್ದರು. ಮಕ್ಕಳ ಕಣ್ಣು ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಮುದ್ದಪ್ಪ ದಾರಿ ಕೇಳುತ್ತ ಮುಂದೆ, ಹಗ್ಗದ ಮಕ್ಕಳು ಹಿಂದೆ, ಹೆಂಗಸರು ಅದರ ಹಿಂದೆ, ಹೀಗೆ ತುಮಕೂರಿನ ಬೀದಿಗಳಲ್ಲಿ ಮೆರವಣಿಗೆ ಹೊರಟಿತು. ಮೈದಾನದ ಬಾಗಿಲಲ್ಲಿ ಬಣ್ಣದ ಕಮಾನು ಕಂಡದ್ದೇ ಮಕ್ಕಳು ಹೋ ಎಂದು ಕೂಗಿದರು. ಮುದ್ದಪ್ಪನ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಇಬ್ಬರು ಆಳುಗಳು ಬಂದು ಆ ಕಮಾನನ್ನು ಬುಡದಿಂದ ಕಿತ್ತು ಹೆಗಲ ಮೇಲಿಟ್ಟುಕೊಂಡು ಹೊರಟುಹೋದರು.

ಒಳಗೆ ನೋಡಿದರೆ ಅಂಗಡಿಗಳಿಲ್ಲ, ಬರೀ ಗೂಟದ ಗುಂಡಿಗಳು. ಜಯಂಟ್ ವೀಲಿನ ಕಬ್ಬಿಣದ ಕೈಗಳು ನೆಲದ ಮೇಲೆ ರಾಶಿ ಬಿದ್ದಿದ್ದವು. ಕೆಂಪು, ಹಳದಿ, ನೀಲಿ ತೊಟ್ಟಿಲುಗಳನ್ನು ಲಾರಿಯೊಂದಕ್ಕೆ ಏರಿಸುತ್ತಿದ್ದರು. ಕೈಯಲ್ಲಿ ಸೀಟಿ ಹಿಡಿದ ದಪ್ಪ ಮನುಷ್ಯನೊಬ್ಬ ಇವರನ್ನು ಕಂಡು ಓಡಿ ಬಂದ. ಅವನು ಎಕ್ಸಿಬಿಷನ್ನಿನ ಮ್ಯಾನೇಜರು, ಕದಿರಿ ಕಡೆಯ ತೆಲುಗಿನವನು.

"ಹಗ್ಗದ ಆಟದವರಾ? ಲೇಟಾಗಿ ಬಂದ್ರಲ್ಲ ಸಾಮಿ! ಬಣ್ಣ ಬೇರೆ ಬಳ್ಕೊಂಡು ಬಂದಿದ್ದೀರ. ಆಟ ಐಪೋಯಿಂದಿ, ನಿನ್ನೇನೇ ಮುಗೀತು. ಈಗ ಎಲ್ಲಾ ಕಟ್ತಾ ಇದ್ದೀವಿ."

"ನಾವು ಆಟದೋರಲ್ಲ ಸ್ವಾಮಿ," ಎಂದ ಮುದ್ದಪ್ಪ. "ನೋಡಾಕೆ ಬಂದೋರು."

ನಾಗಕ್ಕ ನೆಲದ ಮೇಲೆ ಕೂತುಬಿಟ್ಟಳು. ರಾಮಾಂಜಿ ಅಳಲಿಲ್ಲ. ಅಳುವುದನ್ನು ತಡೆಯಲು ತುಟಿ ಕಚ್ಚಿಕೊಂಡು ಲಾರಿಯ ಮೇಲಿನ ತೊಟ್ಟಿಲುಗಳನ್ನೇ ನೋಡುತ್ತ ನಿಂತಳು. ಅವಳು ಅತ್ತಿದ್ದರೆ ಮುದ್ದಪ್ಪ ತಡೆದುಕೊಳ್ಳುತ್ತಿದ್ದನೋ ಏನೋ.

"ನೋಡಿ ಸ್ವಾಮಿ," ಎಂದ ಅವನು, "ಆ ಚಕ್ರ ತಿರುಗೋದು ಬ್ಯಾಡ. ಮೋಡ ಸಿಗೋದೂ ಬ್ಯಾಡ. ನನ್ನ ಮಕ್ಳು ಆ ತೊಟ್ಟಿಲಲ್ಲಿ ಒಂದ್ಸಲ ಕೂತು ಎದ್ದೇಳ್ಲಿ. ಇಲ್ಲದಿದ್ರೆ ನಾನು ಊರಿಗೆ ಮುಖ ತೋರ್ಸಾಕಾಗಲ್ಲ."

"ಯಾವ ಊರು?"

"ಮಧುಗಿರಿ."

ಮ್ಯಾನೇಜರು ಒಮ್ಮೆ ಇವನನ್ನು ನೋಡಿದ, ಒಮ್ಮೆ ಲಾರಿಯನ್ನು ನೋಡಿದ. ಆಮೇಲೆ ಹೊಟ್ಟೆ ಕುಣಿಸಿಕೊಂಡು ನಗತೊಡಗಿದ.

"ಅಯ್ಯೋ ದೇವುಡಾ! ಲಾರಿ ಹೋಗ್ತಾ ಇರೋದೇ ಮಧುಗಿರಿಗೆ ಸಾಮಿ! ಮುಂದಿನ ಕ್ಯಾಂಪು ಅಲ್ಲೇನೆ. ಬಸ್‌ಸ್ಟ್ಯಾಂಡ್ ಪಕ್ಕ ಮೈದಾನ ಐತಲ್ಲ, ಅಲ್ಲಿ. ನಾಳೆ ಪೋಸ್ಟರ್ ಅಂಟಿಸ್ತೀವಿ. ಮನೆಯಲ್ಲಿ ಮಲಗಿದ್ರೆ ನಾವೇ ಬರ್ತಿದ್ವಿ!"

ಮುದ್ದಪ್ಪನಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಗಿರಿಯಮ್ಮ ಗಂಡನನ್ನು ಒಂದು ನೋಟ ನೋಡಿದಳು. ಆ ನೋಟಕ್ಕೆ ಹೋಲಿಸಿದರೆ ಬೀಗರ ಬಸ್ಸೇ ಮೇಲಾಗಿತ್ತು.

ಲಾರಿಯ ಡ್ರೈವರ್ ಜಹೀರ್ ಅಹಮದ್ ಸಿರಾದವನು. ಅವನು ಬೀಡಿ ಆರಿಸಿ ಹತ್ತಿರ ಬಂದ. "ಮ್ಯಾನೇಜರ್ ಸಾಬ್, ಪಾಪ, ಚಿಕ್ಕ ಮಕ್ಕಳು. ಹೆಂಗೂ ತೊಟ್ಟಿಲು ಖಾಲಿ ಹೋಗ್ತಾ ಅವೆ. ಕೂರಿಸ್ಕೊಂಡು ಹೋಗ್ತೀನಿ. ನಿಧಾನಕ್ಕೆ ಓಡಿಸ್ತೀನಿ, ಫಿಕರ್ ಮಾಡ್ಬೇಡಿ."

ಆಳುಗಳು ಮೇಷ್ಟ್ರ ಗಂಟನ್ನು ಕುಡುಗೋಲಿನಿಂದ ಕತ್ತರಿಸಿದರು. ಮಕ್ಕಳು ಕಪ್ಪೆಗಳ ಹಾಗೆ ಚಿಮ್ಮಿ ಲಾರಿ ಏರಿದರು. ಕೆಂಪು ತೊಟ್ಟಿಲಲ್ಲಿ ನಾಗಕ್ಕನ ಮಕ್ಕಳು, ಹಳದಿಯಲ್ಲಿ ಜೈನಾಬಿಯ ಮೊಮ್ಮಕ್ಕಳು, ಮುಂದಿನ ನೀಲಿ ತೊಟ್ಟಿಲಲ್ಲಿ ರಾಮಾಂಜಿ ಮತ್ತು ಕ್ಯಾತ, ಉಳಿದವುಗಳಲ್ಲಿ ಮಿಕ್ಕ ಮಕ್ಕಳು, ದೊಡ್ಡವರು. ಸಣ್ಣಕ್ಕ ಒಂದು ಇಡೀ ತೊಟ್ಟಿಲನ್ನು ತಾನೊಬ್ಬಳೇ ಹಿಡಿದು, ಕಾಲು ಚಾಚಿ, ಒರಗಿ, "ಈಗ ಸರಿಯಾಯ್ತು ಕಣ್ಲಾ," ಅಂದಳು.

ಲಾರಿ ಹೊರಟಿತು. ಬಿಗಿಯಾಗಿ ಕಟ್ಟಿದ್ದರೂ ತೊಟ್ಟಿಲುಗಳು ರಸ್ತೆಯ ಪ್ರತಿ ಹಳ್ಳಕ್ಕೂ ಒಮ್ಮೆ ತೂಗುತ್ತಿದ್ದವು. ಪ್ರತಿ ತೂಗಾಟಕ್ಕೂ ಮಕ್ಕಳು ಕಿರುಚುತ್ತಿದ್ದರು. ಗಾಳಿ ಮುಖಕ್ಕೆ ಬೀಸಿತು. ಹುಣಿಸೇಮರದ ಕೊಂಬೆಗಳು ಕೈಗೆ ಸಿಗುತ್ತಿದ್ದವು. ರಾಮಾಂಜಿ ಹಾರಿಹೋಗುವ ಎಲೆಗಳನ್ನು ಹಿಡಿಹಿಡಿದು ತಮ್ಮನ ತಲೆಗೆ ಸುರಿಯುತ್ತಿದ್ದಳು. ಕೊರಟಗೆರೆಯಲ್ಲಿ ಜನ ಅಂಗಡಿ ಬಿಟ್ಟು ಹೊರಗೆ ಬಂದು ನೋಡಿದರು. ಅದಕ್ಕೂ ಮುಂಚೆ, ದಾರಿಯಲ್ಲಿ ಹೊಂಗೇಮರದ ಕೆಳಗೆ ಇನ್ನೂ ಕೂತಿದ್ದ ಭೀಮಕ್ಕನನ್ನೂ ಊರಿಗೆ ವಾಪಸ್ ಬಿಡಲು ಜಹೀರ್ ಎತ್ತಿ ಕೂರಿಸಿಕೊಳ್ಳುತ್ತಿದ್ದ. ಆದರೆ ಅವಳು ಮುದ್ದಪ್ಪನ ಮುಖ ಕಂಡು, "ಆ ಏಜೆಂಟ್ ಇರೋ ಗಾಡಿ ನಂಗೆ ಬ್ಯಾಡ," ಎಂದುಬಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ಲಾರಿ ಮಧುಗಿರಿಯ ಅವರ ಬೀದಿಯ ತುದಿಯಲ್ಲಿ ನಿಂತಿತು. ಬೀದಿಯವರೆಲ್ಲ ಓಡಿ ಬಂದರು. ನಂದೀಶ್ವರಯ್ಯ ಕನ್ನಡಕ ಒರೆಸಿ ಹಾಕಿಕೊಂಡು, ತೊಟ್ಟಿಲಲ್ಲಿ ರಾಣಿಯ ಹಾಗೆ ಕೂತ ಸಣ್ಣಕ್ಕನನ್ನು ನೋಡಿದರು.

"ಏನಯ್ಯಾ ಮುದ್ದಪ್ಪ! ಎಕ್ಸಿಬಿಷನ್ ನೋಡಿಕೊಂಡು ಬಾ ಅಂದರೆ ಅದನ್ನೇ ಹೊತ್ತುಕೊಂಡು ಬಂದುಬಿಟ್ಟೆಯಾ?"

ಮುದ್ದಪ್ಪ ಎದೆಯುಬ್ಬಿಸಿ ಲಾರಿಯಿಂದ ಇಳಿದ. ಅವನು ಹೇಳಿದ್ದು ಹೇಳಿದಂತೆ ನಡೆದಿತ್ತು. ಮನೆಮಂದಿಯೆಲ್ಲ ತೊಟ್ಟಿಲಲ್ಲಿ ಕೂತಿದ್ದರು. ಆ ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂತು.

ವಾರ ಮುಗಿಯುವುದರೊಳಗೆ ಮೈದಾನದಲ್ಲಿ ಜಯಂಟ್ ವೀಲು ಎದ್ದು ನಿಂತಿತು. ಆಡಿದ ಮಾತನ್ನು ಅರೆಬರೆ ಮಾಡುವವನಲ್ಲ ಮುದ್ದಪ್ಪ. ಒಗೆದ ಬಟ್ಟೆ ಹಾಕಿಸಿ ಸಂಸಾರವನ್ನೆಲ್ಲ ಕರೆದುಕೊಂಡು ಹೋಗಿ, ಟಿಕೆಟ್ ಕೊಂಡು, ಸಾಲಿನ ಮುಂದೆ ನಿಲ್ಲಿಸಿದ. ಚಕ್ರ ಒಂದು ಸುತ್ತು ತಿರುಗಿ ನಿಂತಿತು. ರಾಮಾಂಜಿ ನೀಲಿ ತೊಟ್ಟಿಲನ್ನು ಗುರುತು ಹಿಡಿದಳು.

"ಅಪ್ಪಾ, ಇದು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ ಕಣಮ್ಮ. ಇಲ್ಲೇ ತಿರುಗುತ್ತೆ."

"ಕೊರಟಗೆರೆಗೂ ಹೋಗಲ್ವಾ?"

"ಇಲ್ಲ."

"ಅಂಗಾದ್ರೆ ನಂಗೆ ಬ್ಯಾಡ."

"ನಂಗೂ ಬ್ಯಾಡ. ಮರ ಕೈಗೆ ಸಿಗಲ್ಲ," ಎಂದ ಕ್ಯಾತ. ಹಿಂದಿನಿಂದ ಒಬ್ಬೊಬ್ಬರಾಗಿ ಎಲ್ಲರೂ ಬ್ಯಾಡ ಅಂದರು. ಬೈದರೂ ಬ್ಯಾಡ, ಮುದ್ದಿಸಿದರೂ ಬ್ಯಾಡ. ಕೊಂಡ ಟಿಕೆಟ್ ಕೈಯಲ್ಲಿ ಬೆವರುತ್ತಿತ್ತು. ಮುದ್ದಪ್ಪ ಹಲ್ಲು ಕಚ್ಚಿ, ಗಿರಿಯಮ್ಮನ ಕೈ ಹಿಡಿದು, ತಾನೇ ತೊಟ್ಟಿಲು ಹತ್ತಿದ.

ಚಕ್ರ ಮೇಲೇರಿತು. ಅವರ ತೊಟ್ಟಿಲು ನೆತ್ತಿಗೆ ಹೋದದ್ದೇ ಕೆಳಗೆ ಡೀಸೆಲ್ ಎಂಜಿನ್ನು ಕೆಮ್ಮಿ ಕೆಮ್ಮಿ ನಿಂತುಹೋಯಿತು. ಮುದ್ದಪ್ಪ ಕಣ್ಣು ಮುಚ್ಚಿ ಕಂಬಿಯನ್ನು ಬಿಗಿಯಾಗಿ ತಬ್ಬಿಕೊಂಡ. ಗಿರಿಯಮ್ಮ ಮಾತ್ರ ಸುತ್ತ ನೋಡುತ್ತಿದ್ದಳು. ಬೆಟ್ಟ ಎದುರಿಗೇ ಇತ್ತು. ಸಂಜೆಯ ಬಿಸಿಲು ಅದರ ಬಂಡೆಯ ಮೇಲೆ ಜೇನಿನ ಹಾಗೆ ಇಳಿಯುತ್ತಿತ್ತು.

"ಕೆಳಗಿನ ಗಲಾಟೆ ಇಲ್ಲಿಗೆ ಕೇಳ್ಸೋದೇ ಇಲ್ಲ ಕಣ್ರೀ," ಅಂದಳು ಅವಳು. "ಬೇಗ ರಿಪೇರಿ ಆಗ್ದೆ ಇದ್ರೇ ಚೆಂದ."

ಮುದ್ದಪ್ಪ ಒಂದು ಕಣ್ಣು ತೆರೆದು ಹೆಂಡತಿಯನ್ನು ನೋಡಿದ. ಮದುವೆಯಾದಂದಿನಿಂದ ಅವರಿಬ್ಬರೇ ಹೀಗೆ ಪಕ್ಕಪಕ್ಕ ಕೂತದ್ದು ಅವನಿಗೆ ನೆನಪಾಗಲಿಲ್ಲ. ನಾಚಿಕೆಯಿಂದ ಕೆಳಗೆ ನೋಡಿದ. ಕೆಳಗೆ ರಾಮಾಂಜಿ ಮ್ಯಾನೇಜರನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತು ಏನೋ ಹೇಳುತ್ತಿದ್ದಳು. ಮ್ಯಾನೇಜರು ತಲೆಯಾಡಿಸುತ್ತಿದ್ದ. ಸುತ್ತ ಬೀದಿಯ ಮಕ್ಕಳೆಲ್ಲ ಇರುವೆ ಮುತ್ತಿದಂತೆ ಮುತ್ತಿದ್ದರು.

ಎಂಜಿನ್ನು ಕೊನೆಗೂ ಚಾಲೂ ಆಯಿತು. ತೊಟ್ಟಿಲು ಕೆಳಗೆ ಬಂದಾಗ ಮ್ಯಾನೇಜರು ಅದರ ಬಾಗಿಲಲ್ಲೇ ಕಾಯುತ್ತಿದ್ದ.

"ಎಲ್ಲಾ ಮಾತಾಯ್ತು ಸಾಮಿ. ನಮ್ಮ ಮುಂದಿನ ಕ್ಯಾಂಪು ಪಾವಗಡ. ನಿಮ್ಮ ಅಮ್ಮಾಯಿ ಬೀದಿ ಮಕ್ಕಳಿಗೆಲ್ಲ ಲಾರೀಲಿ ತೊಟ್ಟಿಲು ಹಿಡಿದುಬಿಟ್ಟಳು. ಚಿನ್ನಪಿಲ್ಲಲು, ಸಣ್ಣ ಮಕ್ಕಳು, ಜೊತೆಗೆ ದೊಡ್ಡೋರು ಒಬ್ಬರು ಇರಲೇಬೇಕು ಅಂದೆ. ಎಲ್ಲಾರೂ ನಿಮ್ಮ ಹೆಸರೇ ಹೇಳಿದ್ರು."

"ನಾನಾ?" ಎಂದ ಮುದ್ದಪ್ಪ. "ಈ ಬಿಸಿಲಲ್ಲಿ? ಇಷ್ಟು ಮಕ್ಕಳ್ನ ಕಟ್ಕೊಂಡು? ಪಾವಗಡಕ್ಕಾ?"

ಗುಂಪಿನ ಹಿಂದಿನಿಂದ ನಂದೀಶ್ವರಯ್ಯ ಮುಂದೆ ಬಂದರು. "ನಾನೂ ಬರ್ತೇನಪ್ಪ, ಯೋಚನೆ ಮಾಡಬೇಡ. ಆದರೆ ಡ್ರೈವರ್ ಪಕ್ಕದ ಸೀಟು ನನಗೆ. ನನ್ನ ಸೊಂಟಕ್ಕೆ ತೊಟ್ಟಿಲು ಆಗೋದಿಲ್ಲ."

ಮುದ್ದಪ್ಪ ಕಡೆಯ ಆಸರೆ ಎಂಬಂತೆ ಹೆಂಡತಿಯ ಕಡೆ ತಿರುಗಿದ. ಈಗಷ್ಟೇ ಮೇಲೆ ಒಟ್ಟಿಗೆ ಕೂತಿದ್ದವಳು, ಅವಳಾದರೂ ಒಂದು ಮಾತು ಹೇಳಿಯಾಳು.

ಗಿರಿಯಮ್ಮ ಸೆರಗು ಸರಿಮಾಡಿಕೊಂಡು ಮ್ಯಾನೇಜರನನ್ನು ಕೇಳಿದಳು:

"ಯಾವತ್ತು ಹೊರಡೋದು ಅಂತ ಮುಂಚೇನೇ ಹೇಳ್ಬುಡಿ ಅಣ್ಣ. ನಮ್ಮ ನಾಗಕ್ಕನಿಗೆ ಹೇಳಿ ಕಳಿಸ್ಬೇಕು. ಅವಳ ವಾರಗಿತ್ತಿ ಮಕ್ಳೂ ಬತ್ತೀವಿ ಅಂತ ಕುಂತವಂತೆ."